‘ಯಾಕೆ’ ಎಂಬ ಕಾಲಂ

ಇಳಕಲ್ಲಿನ ಶ್ರೀ ವಿಠ್ಠಲ ಮೆಡಿಕಲ್ ಸ್ಟೋರ್ಸಿನ ರಿಜಿಸ್ಟರಿನಲ್ಲಿ ಮೊದಲು ಐದೇ ಕಾಲಂ ಇದ್ದವು: ತಾರೀಖು, ರೋಗಿಯ ಹೆಸರು, ಡಾಕ್ಟರ ಹೆಸರು, ಔಷಧ, ಎಷ್ಟು. ಕಾಯ್ದೆ ಬರೆದವರಿಗೆ ಇಷ್ಟು ಸಾಕೆನಿಸಿತ್ತು. ೧೯೭೯ರ ಆಷಾಢದಲ್ಲಿ ಬಾಗಲಕೋಟೆಗೆ ಹೊಸದಾಗಿ ಬಂದ ಔಷಧ ಪರಿವೀಕ್ಷಕ ಅಮಸಿದ್ದಪ್ಪನವರಿಗೆ ಸಾಕೆನಿಸಲಿಲ್ಲ. ಒಂದು ರೋಗಕ್ಕೆಂದು ಸರಕಾರ ಒಪ್ಪಿದ ಔಷಧವನ್ನು ಜನ ಇನ್ನೊಂದಕ್ಕೆ ಬಳಸುತ್ತಿದ್ದಾರೆ, ಅದರ ಮೇಲೆ ಕಣ್ಣಿಡಿ ಎಂದು ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಕಣ್ಣನ್ನು ಹೇಗೆ ಇಡಬೇಕೆಂಬುದು ಸುತ್ತೋಲೆಯಲ್ಲಿರಲಿಲ್ಲ. ಅಮಸಿದ್ದಪ್ಪನವರು ಬಾದಾಮಿಯಿಂದ ಹುನಗುಂದದವರೆಗೆ ಒಂದೊಂದು ಔಷಧದಂಗಡಿಗೂ ಬಸ್ಸಿನಲ್ಲಿ ಹೋಗಿ, ರಿಜಿಸ್ಟರು ತೆರೆಸಿ, ಐದನೆಯ ಕಾಲಮ್ಮಿನ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಮೇಲೆ ‘ಯಾಕೆ’ ಎಂದು ಬರೆದರು.

ಗೆರೆ ನೆಟ್ಟಗೆ ಬಂದಿರಲಿಲ್ಲ. ಇಪ್ಪತ್ತೆಂಟರ ವಯಸ್ಸು, ಎತ್ತರದ ಆಳು, ದೊಡ್ಡ ದನಿ. ಆದರೆ ನಾಲ್ಕು ಜನ ನೋಡುತ್ತಿದ್ದಾಗ ಬರೆಯಬೇಕಾಗಿ ಬಂದರೆ ಅವರ ಬೆರಳಿಗೆ ಬೇರೆಯೇ ಮನಸ್ಸು ಬರುತ್ತಿತ್ತು. ಅಡಿಪಟ್ಟಿಯ ಆಸರೆಯಿದ್ದರೂ ಗೆರೆ ಎರಡು ಕಡೆ ದಾರಿ ಬಿಟ್ಟು ಮತ್ತೆ ಸೇರಿಕೊಂಡಿತ್ತು. ಸಹಿಯಂತೂ ಓಡುವ ಬಸ್ಸಿನಲ್ಲಿ ಹಾಕಿದಂತೆ ಕಾಣುತ್ತಿತ್ತು. ಅಂಗಡಿಯ ಮಾಲಕ ಪಂಢರೀನಾಥ ಇದನ್ನೆಲ್ಲ ಕನ್ನಡಕದ ಮೇಲಿಂದ ನೋಡಿ, ಸಹಿಯ ಮಸಿ ಆರಲೆಂದು ಊದಿದ. ಅವನು ಸರಕಾರದ ಮಾತನ್ನು ಎಂದೂ ಮೀರಿದವನಲ್ಲ. ಸರಕಾರಕ್ಕೇ ಸಾಕಾಗಿ ಹೋಗುವಷ್ಟು ಪಾಲಿಸುವುದು ಅವನ ಪದ್ಧತಿ.

ಮರುದಿನದಿಂದ ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ ಅವನು ‘ಯಾಕ?’ ಎಂದು ಕೇಳತೊಡಗಿದ. ಇಳಕಲ್ಲಿನಲ್ಲಿ ಈ ಪ್ರಶ್ನೆಗೆ ಒಂದು ಶಬ್ದದ ಉತ್ತರ ಕೊಡುವವರಿಲ್ಲ. ಬೇನೆ ಹೇಗೆ ಶುರುವಾಯಿತು, ಅದಕ್ಕೂ ಮೊದಲು ಬೀಗರ ಮನೆಯಲ್ಲಿ ಏನು ಉಂಡದ್ದು, ಆ ಬೀಗರು ಎಂಥವರು, ಎಲ್ಲ ಕ್ರಮವಾಗಿ ಬರುತ್ತಿತ್ತು. ಹಿಂದೆ ಪಾಳಿ ಹಚ್ಚಿದವರು ಬೇಸರ ಮಾಡಿಕೊಳ್ಳಲಿಲ್ಲ. ಕೆಲವರು ಏನೂ ಕೊಳ್ಳುವುದಿಲ್ಲದಿದ್ದರೂ ಬಂದು ನಿಲ್ಲತೊಡಗಿದರು.

ಅಮೀನಬಿ ಗಾಯಕ್ಕೆ ಹಚ್ಚುವ ನೇರಳೆ ಔಷಧದ ಎರಡು ಬಾಟ್ಲಿ ಕೇಳಿದಳು.

"ಯಾಕವಾ?"

"ಆಡಿನ ಕಿವಿಗೆ ಹಚ್ಚಾಕ."

"ಕಿವಿಗೆ ಗಾಯ ಆಗ್ಯಾವೇನು?"

"ಇಲ್ಲ ಬಿಡ್ರಿ. ಬಾಜೂ ಮನಿಯಾಕಿ ನನ್ನ ಆಡ ತನ್ನದಂತಾಳ. ಗುರ್ತು ಇರ್ಲಿ ಅಂತ."

ಪಂಢರೀನಾಥ ‘ಗುರುತು’ ಎಂದು ಬರೆದ. ಪಕ್ಕದ ಮನೆಯವಳು ಪಾಳಿಯಲ್ಲಿ ಮೂರನೆಯವಳಾಗಿದ್ದಳಾದ್ದರಿಂದ ಆ ದಿನ ಅಂಗಡಿಯನ್ನು ಅರ್ಧ ತಾಸು ಮುಚ್ಚಬೇಕಾಯಿತು.

ತುಳಸೀಬಾಯಿ, ಸೊಸೆ ಶ್ರಾವಣದ ಸಂಪತ್ ಶುಕ್ರವಾರದಂದೇ ಹೊರಗೆ ಕೂಡ್ರಬಾರದೆಂದು ತಿಂಗಳನ್ನು ಮುಂದೆ ತಳ್ಳುವ ಗುಳಿಗೆ ಒಯ್ಯುತ್ತಿದ್ದವರು, ಹತ್ತು ವರ್ಷ ಸೆರಗಿನ ಮರೆಯಲ್ಲಿ ಒಯ್ದದ್ದನ್ನು ಈಗ ಹನ್ನೆರಡು ಗಂಡಸರ ಮುಂದೆ ಹೇಳಬೇಕಾಯಿತು. ಹೇಳಿದರು. "ಹಬ್ಬದ ಸಲುವಾಗಿ, ಬರ್ಕೋ," ಎಂದರು, ಗಂಡಸರ ಕಡೆಗೆ ಒಮ್ಮೆ ತಿರುಗಿ ನೋಡಿ. ಗಂಡಸರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದರು. ಪಂಢರೀನಾಥ ‘ಹಬ್ಬ’ ಎಂದು ಬರೆದ.

ಇದೇ ಕಾಲಮ್ಮಿನಲ್ಲಿ, ಇವೆರಡರ ನಡುವೆ, ಇನ್ನೊಂದು ನೋಂದಣಿ ಇತ್ತು: ‘ಹೊಳಬಸಪ್ಪ, ನೇಕಾರ. ಡಾ. ಮಧುಸೂದನ. ಹೃದಯದ ಗುಳಿಗೆ. ಮೂವತ್ತು. ಕೈ ನಡುಗುತ್ತದೆ.’

ಹೊಳಬಸಪ್ಪನ ಕೈ ಸಾಮಾನ್ಯದ ಕೈಯಲ್ಲ. ಇಳಕಲ್ ಸೀರೆಯ ಉದ್ದನೆಯ ಎಳೆಗಳು, ಅಂದರೆ ಹಾಸು, ಮೈಯದೇ ಬೇರೆ, ಸೆರಗಿನದೇ ಬೇರೆ. ಮೈ ನೂಲಿನದು, ಸೆರಗು ರೇಷ್ಮೆಯದು. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಬೆರಳ ತುದಿಯಲ್ಲಿ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿ. ಓಣಿಯ ಎಂಟು ಮಗ್ಗಗಳಿಗೂ ಕೊಂಡಿ ಹಾಕುತ್ತಿದ್ದವನು ಹೊಳಬಸಪ್ಪ. ಐವತ್ತೈದು ದಾಟಿದ ಮೇಲೆ ಅವನ ಕೈ ಚಾದ ಕಪ್ಪು-ಬಸಿ ಹಿಡಿದರೆ ಗಿಲಗಿಲ ಅನ್ನತೊಡಗಿತು. ಬಸಿಯ ಸದ್ದು ಹೆಂಡತಿ ಸಿದ್ದಲಿಂಗವ್ವನಿಗೆ ಒಗ್ಗಿತು. ಎಳೆಗಳಿಗೆ ಒಗ್ಗಲಿಲ್ಲ. ಕೊಂಡಿ ಹೋದ ನೇಕಾರನಿಗೆ ಉಳಿಯುವುದು ರಾಟಿಯ ಮುಂದೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕೆಲಸ. ಅದು ಮನೆಯ ಹೆಂಗಸರು, ಮಕ್ಕಳು ಮಾಡುವಂಥದ್ದು.

ಡಾಕ್ಟರ ಮಧುಸೂದನರು ಅಂಚೆಯಲ್ಲಿ ಮೂರು ತಿಂಗಳು ತಡವಾಗಿ ಬರುವ ವೈದ್ಯ ಪತ್ರಿಕೆಗಳನ್ನು ಜಾಹೀರಾತು ಸಹಿತ ಓದುವವರು. ಹೃದಯಕ್ಕೆಂದು ಮಾಡಿದ ಒಂದು ಗುಳಿಗೆ ಇಂಥ ನಡುಕಕ್ಕೂ ಬರುತ್ತದೆ ಎಂದು ಎಲ್ಲೋ ಓದಿದ್ದರು. ಕೊಟ್ಟು ನೋಡಿದರು. ಕೈ ನಿಂತಿತು. ಬಸಿ ಮೂಕವಾಯಿತು. ಒಂದೇ ಒಂದು ವಿಚಿತ್ರವಿತ್ತು: ಸೋಮವಾರ ಮಾತ್ರ ಕೈ ಮತ್ತೆ ನಡುಗುತ್ತಿತ್ತು. ಮಂಗಳವಾರ ಸರಿಹೋಗುತ್ತಿತ್ತು. ವಾರ ನೋಡಿ ಕೆಲಸ ಮಾಡುವ ಔಷಧದ ಬಗ್ಗೆ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಡಾಕ್ಟರು ತಮ್ಮ ನೋಟುಬುಕ್ಕಿನಲ್ಲಿ ‘ಸೋಮವಾರ?’ ಎಂದು ಬರೆದು ಅಡಿಗೆರೆ ಎಳೆದಿಟ್ಟಿದ್ದರು.

ಶ್ರಾವಣದ ಒಂದು ಮಂಗಳವಾರ ಅಮಸಿದ್ದಪ್ಪನವರು ತಮ್ಮ ಕಾಲಂ ನೋಡಲು ಬಂದರು.

"ಗುರುತು," ಎಂದು ಓದಿದರು. "ಹಬ್ಬ. ಏನ್ರಿ ಇದು? ಹಬ್ಬ ಅಂತ ಒಂದು ರೋಗ ಐತೇನು?"

"ನೀವು ಯಾಕ ಅಂತ ಕೇಳಂದ್ರಿ, ಕೇಳೇನಿ," ಎಂದ ಪಂಢರೀನಾಥ. "ರೋಗ ಯಾವುದು ಅಂತ ಕೇಳು ಅನ್ಲಿಲ್ಲ."

ಅಮಸಿದ್ದಪ್ಪನವರ ಬೆರಳು ಹೊಳಬಸಪ್ಪನ ಸಾಲಿನ ಮೇಲೆ ನಿಂತಿತು. ಡಬ್ಬಿ ತರಿಸಿದರು. ಡಬ್ಬಿಯೊಳಗಿನ ಕಾಗದ ಬಿಚ್ಚಿ, ಇರುವೆಗಾತ್ರದ ಅಕ್ಷರಗಳನ್ನು ಕೊನೆಯತನಕ ಓದಿದರು. "ಹೃದಯ ಬರದಾರ. ಬಿ.ಪಿ. ಬರದಾರ. ಕೈ ಎಲ್ಲೂ ಬರದಿಲ್ಲ. ಈ ಗುಳಿಗಿ ಸೀಲ್ ಮಾಡ್ತೇನಿ. ಮ್ಯಾಲಿಂದ ಹುಕುಂ ಬರೂತನಕ ಮಾರೂಹಂಗಿಲ್ಲ."

ಅಂಗಡಿಯಲ್ಲಿದ್ದ ಗುಳಿಗೆಯ ಎರಡು ಪಟ್ಟಿಗಳನ್ನು ಲಕೋಟೆಗೆ ಹಾಕಿ, ಅರಗು ಕರಗಿಸಿ, ಮೂರು ಕಡೆ ಮುದ್ರೆ ಒತ್ತಿದರು. ಪಾಳಿಯ ಮಂದಿ ಉಸಿರು ಬಿಗಿಹಿಡಿದು ನೋಡುತ್ತಿದ್ದುದರಿಂದ ಸಹಿ ಲಕೋಟೆಯ ಅಂಚು ದಾಟಿ ಪಂಢರೀನಾಥನ ಮೇಜಿನ ಮೇಲೂ ಒಂದಿಷ್ಟು ಹೋಯಿತು.

ಲಕೋಟೆಯನ್ನು ಚರ್ಮದ ಚೀಲಕ್ಕೆ ಸೇರಿಸಿಕೊಂಡು ಅವರು ಡಾಕ್ಟರ ದವಾಖಾನೆಗೆ ಹೋದರು. ಅಮಸಿದ್ದಪ್ಪನವರು ಕೆಟ್ಟವರಲ್ಲ, ದಾರಿ ತೋರಿಸಲೆಂದೇ ಹೋಗಿದ್ದರು.

"ಡಾಕ್ಟರ್ರ, ನೀವು ಚೀಟಿಯೊಳಗ ಬಿ.ಪಿ. ಅಂತ ಬರದಬಿಡ್ರಿ. ನಂದೇನ ಅಡ್ಡಿ ಇಲ್ಲ."

"ಅವನ ಬಿ.ಪಿ. ನನ್ನದಕ್ಕಿಂತ ಛಲೋ ಅದರಿ."

"ಇರ್ಲಿ, ಬರೀಲಿಕ್ಕೇನು?"

"ಅಂದ್ರ ಇಲ್ಲದ ರೋಗಕ್ಕ ಕೊಟ್ರ ನಿಮ್ಮ ಕಾಯ್ದೆ ಒಪ್ಪತದ. ಇದ್ದ ರೋಗಕ್ಕ ಕೊಟ್ರ ಒಪ್ಪೂದಿಲ್ಲ. ಹೌದಲ್ಲೋ?"

ಅಮಸಿದ್ದಪ್ಪನವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. "ಹಂಗ ಹೇಳಿದ್ರ ಕೆಟ್ಟ ಕೇಳಸ್ತದ," ಎಂದರು.

ಡಾಕ್ಟರು ಸುಳ್ಳು ಬರೆಯಲಿಲ್ಲ. ಪಂಢರೀನಾಥ ಸಂಜೆ ಹೊಳಬಸಪ್ಪನ ಮನೆಗೇ ಹೋಗಿ, ಎದೆಯಲ್ಲಿ ನೋವು ಬರುತ್ತದೆಂದು ಸಾಹೇಬರ ಮುಂದೆ ಒಂದು ಮಾತು ಹೇಳು, ಸಾಕು ಎಂದು ತಿಳಿಹೇಳಿದ. ಹೊಳಬಸಪ್ಪ ಅಂಗಿಯ ಮೇಲಿಂದಲೇ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿ ನೋಡಿಕೊಂಡ. ಅದರೊಳಗೆ ಅವನ ಇಷ್ಟಲಿಂಗವಿತ್ತು.

"ಎದ್ಯಾಗ ಏನೂ ಆಗಿಲ್ರಿ. ಲಿಂಗ ಅಲ್ಲೇ ಐತಿ. ಕೇಳಿಸ್ಕೋತೈತಿ. ಹೆಂಗ ಹೇಳ್ಲಿ?"

"ಎಷ್ಟು ಗುಳಿಗಿ ಉಳದಾವ?"

"ಆರು."

ಆರು ಗುಳಿಗೆ, ಬುಧವಾರದಿಂದ ಸೋಮವಾರದವರೆಗೆ. ಮಗ್ಗದ ಮೇಲೆ ಹುನಗುಂದದವರ ಮದುವೆಯ ಸೀರೆಯ ಹಾಸು ಏರಿತ್ತು. ಆರು ದಿನದಲ್ಲಿ ಅದರ ಕೊಂಡಿ ಮುಗಿಸಿ, ಪಕ್ಕದ ಮಗ್ಗದ ಈರಪ್ಪನದನ್ನೂ ಮುಗಿಸಬಹುದೆಂದು ಹೊಳಬಸಪ್ಪ ಲೆಕ್ಕ ಹಾಕಿದ. ಮುಂದಿನದು ಮುಂದೆ.

ಆದರೆ ಮಂಗಳವಾರ ರಾತ್ರಿಯೊಳಗೆ ಸುದ್ದಿ ಓಣಿಯ ತುದಿ ಮುಟ್ಟಿ ಹಿಂದೆ ಬಂದಿತ್ತು. ಹೋಗುವಾಗ ಅದು ‘ಹೊಳಬಸಪ್ಪನ ಹೃದಯದ ಗುಳಿಗೆ ಬಂದ್ ಆಗಿದೆ’ ಎಂದಿತ್ತು; ಬರುವಾಗ ‘ಹೊಳಬಸಪ್ಪನ ಹೃದಯ ಬಂದ್ ಆಗುವ ಹಂತಕ್ಕೆ ಬಂದಿದೆ’ ಎಂದಾಗಿತ್ತು. ಬುಧವಾರ ಬೆಳಕು ಹರಿಯುವಾಗಲೇ ನೋಡಿಹೋಗುವವರು ಶುರುವಾದರು. ದಿನಾಲು ಆ ಹೊತ್ತಿಗೆ ನಳದ ಪಾಳಿಯಲ್ಲಿ ಕೊಡ ಹಿಡಿದು ನಿಂತಿರುತ್ತಿದ್ದ ಸಿದ್ದಲಿಂಗವ್ವ ಬಂದವರಿಗೆ ಕೂಡ್ರಲು ಹೇಳಲೆಂದು ಮನೆಯಲ್ಲೇ ಉಳಿದಳು. ಬುಧವಾರ ನಾಲ್ಕು ಜನ. ಗುರುವಾರ ಏಳು. ಶುಕ್ರವಾರ ಒಬ್ಬರು ಮರೋಳದಿಂದ ಬಸ್ಸು ಹಿಡಿದು ಬಂದರು. ಎಲ್ಲರೂ ಪೂಜೆ ಮುಗಿಯುವವರೆಗೆ ಕೂತು, ಪ್ರಸಾದ ತೆಗೆದುಕೊಂಡು, ಹೊಳಬಸಪ್ಪನ ಮುಖ ನೋಡಿ ನಿಟ್ಟುಸಿರು ಬಿಟ್ಟು ಹೋದರು.

ಬುಧವಾರ ಕೈ ಸ್ವಲ್ಪ ನಡುಗಿತು. ಗುರುವಾರ ಮೂವತ್ತು ಕೊಂಡಿ ಹಾಕುವುದರಲ್ಲಿ ಹನ್ನೊಂದು ಎಳೆ ಹರಿದವು. ಶುಕ್ರವಾರ ಬಸಿ ಮತ್ತೆ ಮಾತಾಡಿತು. ಅಂದು ಸಂಜೆ ಈರಪ್ಪ ಬಂದು ಬಾಗಿಲ ಬಳಿಯೇ ನಿಂತ.

"ಕಾಕಾ, ನೀವೇನ ಆರಾಮ ತಗೋರಿ. ನನ್ನ ಕೊಂಡಿ ಗುಡೂರಿನವರ ಕಡಿಂದ ಹಾಕಿಸ್ಕೋತೇನಿ."

"ಗುಡೂರಿನವ್ರು ಹಾಕಿದ್ರ ಸೆರಗು ಅಲ್ಲೇ ಬಿಚ್ಚತೈತಲೇ."

"ಬಿಚ್ಚಲಿ ಬಿಡ್ರಿ ಕಾಕಾ," ಎಂದ ಈರಪ್ಪ, ನೆಲ ನೋಡುತ್ತ. "ನಿಮಗ ತ್ರಾಸ ಬ್ಯಾಡ."

ಅವನು ಹೋದ ಮೇಲೆ ಹೊಳಬಸಪ್ಪ ಹರಿದ ಎಳೆಗಳನ್ನು ಆರಿಸತೊಡಗಿದ. ಮೂಲೆಯಲ್ಲಿದ್ದ ರಾಟಿಯನ್ನು ಸಿದ್ದಲಿಂಗವ್ವ ನೋಡಬಾರದೆಂದು ಮಾಡಿಯೂ ಒಮ್ಮೆ ನೋಡಿದಳು. ಅವನಿಗೆ ಅದು ಗೊತ್ತಾಯಿತು.

ಶನಿವಾರ ಡಾಕ್ಟರು ಬಂದು ಕೈ ಚಾಚಲು ಹೇಳಿದರು. ಬೆರಳ ಮೇಲೆ ಒಂದು ಕಾಗದದ ಹಾಳೆ ಇಟ್ಟರು. ಹಾಳೆ ಬಾಳೆಯ ಎಲೆಯಂತೆ ಅಲುಗಿತು.

"ಗುಳಿಗಿ ತಗೋತೀಯಲ್ಲ?"

"ದಿನಾ ತಗೋತೇನ್ರಿ."

"ಮರ್ತಿಲ್ಲ?"

"ಪೂಜಿ ಮರ್ತರ ಗುಳಿಗಿ ಮರೀತೇನ್ರಿ."

ಈ ಉತ್ತರದಲ್ಲಿ ಇದ್ದದ್ದೆಲ್ಲ ಇತ್ತು. ಡಾಕ್ಟರು ಕೇಳಿಸಿಕೊಂಡರು, ಆದರೆ ಅದನ್ನು ಭಕ್ತಿಯ ಮಾತು ಎಂದುಕೊಂಡರು. ಮನೆಗೆ ಹೋಗಿ ‘ಸೋಮವಾರ?’ ಎಂಬುದರ ಕೆಳಗೆ ‘ಈಗ ದಿನಾ ಸೋಮವಾರ’ ಎಂದು ಬರೆದರು. ಆಮೇಲೆ, ಪ್ರಾಮಾಣಿಕರಾದ್ದರಿಂದ, ಗುಳಿಗೆ ಈಚೆಗೆ ಕೆಲಸ ಮಾಡುತ್ತಿಲ್ಲವೆಂದು ಬಾಗಲಕೋಟೆಗೆ ಹೇಳಿಕಳಿಸಿದರು. ಅಮಸಿದ್ದಪ್ಪನವರು ಕೂಡಲೇ ಉತ್ತರ ಕಳಿಸಿದರು: ಸೋಮವಾರ ಮುಂಜಾನೆ ನಾನೇ ಬಂದು ಕಣ್ಣಾರೆ ನೋಡುತ್ತೇನೆ, ಗುಳಿಗೆ ತೆಗೆದುಕೊಂಡ ಒಂದು ತಾಸಿಗೆ ಕೈ ನಿಂತರೆ ಬೆಂಗಳೂರಿಗೆ ಅನುಕೂಲವಾಗಿ ಬರೆಯುತ್ತೇನೆ, ನಿಲ್ಲದಿದ್ದರೆ ಈ ಪ್ರಕರಣ ಅಲ್ಲಿಗೆ ಮುಗಿಯಿತು.

ಸೋಮವಾರದ ಹೊತ್ತಿಗೆ ಹೊಳಬಸಪ್ಪನಲ್ಲಿ ಉಳಿದದ್ದು ಒಂದೇ ಗುಳಿಗೆ.

ಮುಂಜಾನೆಯ ಬಸ್ಸಿನಿಂದ ಅಮಸಿದ್ದಪ್ಪನವರು ಇಳಿದರು. ಡಾಕ್ಟರು ಗಡಿಯಾರ ಹಿಡಿದು ಬಂದರು. ಪಂಢರೀನಾಥ, ದಾಖಲೆಯನ್ನು ಕೇಳಿದಾಗ ಹಾಜರುಪಡಿಸಬೇಕೆಂದು ಕಾಯ್ದೆಯಲ್ಲಿ ಇರುವುದರಿಂದ, ಯಾರೂ ಕೇಳದಿದ್ದರೂ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಹೊಳಬಸಪ್ಪನ ಮನೆಯ ಪಡಸಾಲೆಯಲ್ಲಿ ಆಗಲೇ ಸಂಗಯ್ಯನವರು ಕಂಬಳಿಯ ಮೇಲೆ ಕೂತಿದ್ದರು. ಅವರು ಈ ಮನೆಯ ಗುರುಗಳು, ಅಯ್ಯನವರು. ಪ್ರತಿ ಸೋಮವಾರ ಬಂದು ಪೂಜೆಗೆ ಕೂಡ್ರುವುದು, ಪ್ರಸಾದ ಸ್ವೀಕರಿಸಿ ಹೋಗುವುದು ಅವರ ತಂದೆಯ ಕಾಲದಿಂದ ನಡೆದುಬಂದದ್ದು. ಹೊರಗೆ ಓಣಿಯ ಮಂದಿ ಬಾಗಿಲಿಗೆ ಅಂಟಿಕೊಂಡಿದ್ದರು. ಈರಪ್ಪ ಹಿಂದೆ ನಿಂತಿದ್ದ.

ಡಾಕ್ಟರು ಮೊದಲು ಹೊಳಬಸಪ್ಪನ ಕೈ ನೋಡಿದರು, ಆಮೇಲೆ ಅಮಸಿದ್ದಪ್ಪನವರು ಅದನ್ನು ವರದಿಯಲ್ಲಿ ಬರೆದರು. ‘ಕೈ ನಡುಗುತ್ತಿದೆ’ ಎಂದು ಬರೆದ ಅಕ್ಷರಗಳೂ ನಡುಗುತ್ತಿದ್ದವು. ಓದಿದವರಿಗೆ ಯಾರ ಕೈಯ ಬಗ್ಗೆ ಎಂಬ ಅನುಮಾನ ಬರುವಂತಿತ್ತು.

"ಆತು, ಗುಳಿಗಿ ತಗೋರಿ," ಎಂದರು ಅಮಸಿದ್ದಪ್ಪನವರು.

"ಪೂಜಿ ಆಗ್ಲಿ ತಡೀರಿ," ಎಂದ ಹೊಳಬಸಪ್ಪ.

ಪೂಜೆ ಆಯಿತು. ವಿಭೂತಿ, ಪತ್ರಿ, ಎಡಗೈಯಲ್ಲಿ ಲಿಂಗ. ಸಿದ್ದಲಿಂಗವ್ವ ನೈವೇದ್ಯದ ತಾಟು ತಂದಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಅಡಕತ್ತರಿಯ ಸದ್ದು ಕೇಳಿತು. ಬಂದವಳು ಮೊದಲು ಸಂಗಯ್ಯನವರಿಗೆ, ಆಮೇಲೆ ಸಾಹೇಬರಿಗೆ, ಆಮೇಲೆ ಡಾಕ್ಟರಿಗೆ, ಪಂಢರೀನಾಥನಿಗೆ ಪ್ರಸಾದ ಕೊಟ್ಟಳು: ಕೊಬ್ಬರಿ, ಉತ್ತತ್ತಿ, ಸಕ್ಕರೆ, ಜೊತೆಗೆ ಒಂದು ಬಿಳಿಯ ಚೂರು. ಸಂಗಯ್ಯನವರೂ ಸಾಹೇಬರೂ ದೊಡ್ಡವರಾದ್ದರಿಂದ ಅವರ ಚೂರು ದೊಡ್ಡದಾಗಿತ್ತು.

ಸಂಗಯ್ಯನವರು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಅಮಸಿದ್ದಪ್ಪನವರು ಕಣ್ಣು ತೆರೆದೇ ಹಾಕಿಕೊಂಡರು. ಪಂಢರೀನಾಥ ತನಗೆ ಒಪ್ಪತ್ತು ಇದೆಯೆಂದು ಕಣ್ಣಿಗೊತ್ತಿಕೊಂಡು, ಕಾಗದದಲ್ಲಿ ಸುತ್ತಿ ಕಿಸೆಗೆ ಸೇರಿಸಿದ. ಅವನಿಗೆ ಸೋಮವಾರ ಎಂದೂ ಒಪ್ಪತ್ತು ಇರಲಿಲ್ಲ. ಬೇರೆಯವರ ಮನೆಯಲ್ಲಿ ಮಾತ್ರ ಇರುತ್ತಿತ್ತು.

"ಕಹಿ ಅನಸ್ತೈತಲ್ಲ," ಎಂದರು ಅಮಸಿದ್ದಪ್ಪನವರು ನುಂಗಿದ ಮೇಲೆ.

ಡಾಕ್ಟರು ತಮ್ಮ ಅಂಗೈಯನ್ನು ಬೆಳಕಿಗೆ ಹಿಡಿದಿದ್ದರು. ಬಿಳಿಯ ಚೂರಿನ ಮೇಲೆ ಒಂದು ಗೀರು, ಗೀರಿನ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರದ ಬಾಲ. ಸಕ್ಕರೆಯ ಮೇಲೆ ಯಾರೂ ಅಕ್ಷರ ಒತ್ತುವುದಿಲ್ಲ.

"ಸಿದ್ದಲಿಂಗವ್ವಾ," ಎಂದರು ಡಾಕ್ಟರು, ಭಾಳ ಮೆಲ್ಲಗೆ, "ಇದು ಏನದ?"

"ಗುಳಿಗೀರಿ."

"ಗುಳಿಗಿ ನನಗ್ಯಾಕ ಕೊಟ್ಟೀ?"

ಅವಳು ಗಂಡನ ಕಡೆ ನೋಡಿದಳು. ಇಷ್ಟು ಓದಿದವರಿಗೆ ಇದನ್ನು ಹೇಗೆ ತಿಳಿಸುವುದು ಎಂಬ ನೋಟ ಅದು. ಹೊಳಬಸಪ್ಪನೇ ಹೇಳಿದ.

"ಲಿಂಗಕ್ಕ ತೋರಿಸದ ನಾ ಏನೂ ಬಾಯಾಗ ಹಾಕ್ಕೊಳ್ಳಂಗಿಲ್ರಿ. ನೀರಾದ್ರೂ ಅಷ್ಟ, ಗುಳಿಗಿ ಆದ್ರೂ ಅಷ್ಟ. ತೋರಿಸಿದ ಮ್ಯಾಲೆ ಅದು ಪ್ರಸಾದ. ಮನಿಯಾಗ ಮಂದಿ ಕುಂತಿರ್ತಾರ, ಪ್ರಸಾದ ಒಬ್ಬವನ ಹೆಂಗ ತಿನ್ಲಿ?"

ಡಾಕ್ಟರು ನೋಟುಬುಕ್ಕು ತೆಗೆದರು.

"ಇವಳು ನಳಕ್ಕ ಹೋಗಿದ್ದಾಗ ನೀ ಒಬ್ಬನ."

"ಹೌದ್ರಿ. ಪೂರಾ ನಂದ."

"ಸೋಮವಾರ ಅಯ್ಯನವ್ರು."

"ಅರ್ಧ ಅವ್ರಿಗೆ. ದೊಡ್ಡವ್ರಲ್ರಿ."

ಡಾಕ್ಟರು ಸಂಗಯ್ಯನವರ ಕಡೆ ತಿರುಗಿದರು. "ಅಯ್ಯನವ್ರ, ಸೋಮವಾರ ನಿಮಗ ಹೆಂಗ ಅನಸ್ತದ?"

"ಸೋಮವಾರ ಭಾಳ ಶಾಂತ ಅನಸ್ತೈತಿ," ಎಂದರು ಸಂಗಯ್ಯನವರು. "ಮಠದಾಗ ಯಾರು ಬೈದ್ರೂ ಸಿಟ್ಟ ಬರಂಗಿಲ್ಲ. ನಾ ಅದನ್ನ ಪೂಜಿ ಫಲ ಅಂತ ತಿಳದಿದ್ದೆ." ಅವರ ದನಿಯಲ್ಲಿ ಸಣ್ಣ ಬೇಸರವಿತ್ತು.

"ಮತ್ತ ಈ ವಾರ ಬಂದವ್ರು?" ಎಂದು ಕೇಳಿದ ಡಾಕ್ಟರು ನೋಟುಬುಕ್ಕು ಕೆಳಗಿಟ್ಟರು. "ಅವರಾಗ ದಮ್ಮಿನ ಬ್ಯಾನಿ ಇದ್ದವ್ರು ಯಾರರ ಇದ್ರೇನು? ಈ ಗುಳಿಗಿ ದಮ್ಮಿನವ್ರಿಗೆ ಬರೂದಿಲ್ಲ. ಜೀವಕ್ಕ ಬರ್ತದ."

ಸಿದ್ದಲಿಂಗವ್ವ ಬೆರಳು ಮಡಿಸುತ್ತ ಒಬ್ಬೊಬ್ಬರನ್ನೇ ನೆನೆದಳು. "ಓಣ್ಯಾಗ ದಮ್ಮು ಇರೂದು ಗುರುಲಿಂಗವ್ವಗ ಒಬ್ಬಾಕಿಗೆ. ಆಕಿ ಬಂದಿಲ್ರಿ. ಮಾತ ಬಿಟ್ಟೇವಿ, ಎರಡ ವರ್ಷಾತು."

ಎರಡು ವರ್ಷದ ಹಿಂದೆ ಸಗಣಿಯ ಕುಳ್ಳು ಬಡಿಯುವ ಗೋಡೆಯ ಸಲುವಾಗಿ ಆದ ಆ ಜಗಳವನ್ನು ಡಾಕ್ಟರು ಮನಸ್ಸಿನಲ್ಲೇ ಹರಸಿದರು.

ಇಷ್ಟರಲ್ಲಿ ಅಮಸಿದ್ದಪ್ಪನವರಿಗೆ ಅರ್ಥವಾಗಿತ್ತು. ಚೀಟಿ ಇಲ್ಲದೆ, ರೋಗವಿಲ್ಲದೆ, ಲೇಬಲ್ಲಿನಲ್ಲಿ ಬರೆಯದ ಕಾರಣಕ್ಕೆ, ಸಾಕ್ಷಿಗಳ ಎದುರಿಗೆ, ಪರಿವೀಕ್ಷಕರೇ ಔಷಧ ಸೇವಿಸಿದ್ದರು. ಅವರು ಬಾಯಿಗೆ ಕೈ ಅಡ್ಡ ಹಿಡಿದರು. ಆದರೆ ಪ್ರಸಾದವನ್ನು ಉಗುಳುವುದು ಕಾಯ್ದೆಗಿಂತ ದೊಡ್ಡ ವಿಷಯ, ಮೇಲಾಗಿ ಅದು ಆಗಲೇ ಒಳಗೆ ಹೋಗಿತ್ತು.

"ನನಗೇನರ ಆಗತೈತೇನ್ರಿ?"

ಡಾಕ್ಟರು ದಮ್ಮಿನ ಬ್ಯಾನಿ ಇದೆಯೇ ಎಂದು ಕೇಳಿದರು, ಇಲ್ಲವೆಂದ ಮೇಲೆ ನಾಡಿ ನೋಡಿದರು. "ಕಾಲು ಗುಳಿಗಿ. ಏನೂ ಆಗೂದಿಲ್ಲ. ಸುಮ್ಮನ ಕೂಡ್ರಿ."

ಪಂಢರೀನಾಥ ರಿಜಿಸ್ಟರು ಬಿಚ್ಚಿ ಬರೆಯತೊಡಗಿದ್ದ.

"ಏನ ಬರೀತೀರಿ?" ಎಂದರು ಅಮಸಿದ್ದಪ್ಪನವರು.

"ನನ್ನ ಅಂಗಡಿ ಗುಳಿಗಿ. ಯಾರ್ಯಾರಿಗೆ ಹೋತು ಅಂತ ಇರಬೇಕಲ್ರಿ," ಎಂದ ಅವನು, ತಲೆ ಎತ್ತದೆ.

ಹೊಳಬಸಪ್ಪ ಮಾತ್ರ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ತಾಟಿನಲ್ಲಿ ಅವನ ಪಾಲಿಗೆ ಉಳಿದದ್ದು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದನ್ನು ಬಾಯಿಗೆ ಹಾಕಿಕೊಂಡು, ಎದ್ದು ಹೋಗಿ ಮಗ್ಗದ ಮುಂದೆ ಕೂತು, ಒಂದು ನೂಲಿನ ಎಳೆ, ಒಂದು ರೇಷ್ಮೆಯ ಎಳೆ ಹಿಡಿದ. ಎರಡೂ ಎಳೆ ಒಂದನ್ನೊಂದು ಹುಡುಕುತ್ತ ಗಾಳಿಯಲ್ಲಿ ಅಲೆದವು. ಮೂರನೆಯ ಸಲ ರೇಷ್ಮೆಯ ಎಳೆ ಹರಿಯಿತು. ಬಾಗಿಲಲ್ಲಿ ಯಾರೋ ಚ್ ಚ್ ಅಂದರು.

"ಕಣ್ಣಾರೆ ನೋಡಿದ್ರಿ ಸಾಹೇಬ್ರ," ಎಂದ ಹೊಳಬಸಪ್ಪ. "ಬರ್ಕೋರಿ. ಏ ಇಕಿ, ಆ ರಾಟಿ ಇತ್ತ ತಾ."

ಸಿದ್ದಲಿಂಗವ್ವ ಅಲುಗಲಿಲ್ಲ.

"ಇದು ನೋಡಿದ್ಹಂಗ ಅಲ್ಲ," ಎಂದರು ಡಾಕ್ಟರು ಅಮಸಿದ್ದಪ್ಪನವರಿಗೆ. "ಅವನು ಒಂದು ವಾರದಿಂದ ಗುಳಿಗೀನ ತಗೊಂಡಿಲ್ಲ. ಓಣಿ ತಗೊಂಡದ. ಯಾಕ ತಗೋತೀರಿ ಅಂತ ನೀವು ಕೇಳಿದ್ರಿ, ಹೆಂಗ ತಗೋತೀರಿ ಅಂತ ನಾನೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ನಿಮ್ಮ ಚೀಲದಾಗ ಎರಡು ಪಟ್ಟಿ ಅದಾವ. ಒಂದು ಪೂರಾ ಗುಳಿಗಿ ಕೊಟ್ಟು ನೋಡ್ರಿ."

"ಪೂರಾ ಕೊಟ್ರ ಮತ್ತ ಹಂಚತಾನಲ್ರಿ."

"ಹಂಚಲೇಬೇಕ್ರಿ," ಎಂದ ಹೊಳಬಸಪ್ಪ, ತಪ್ಪೊಪ್ಪಿಕೊಳ್ಳುವವನಂತೆ.

ಎಲ್ಲರೂ ಸಂಗಯ್ಯನವರ ಕಡೆ ನೋಡಿದರು. ಸಂಗಯ್ಯನವರು ತಮ್ಮ ಸೋಮವಾರದ ಶಾಂತಿ ಇನ್ನೂ ಏರುತ್ತಿರುವ ಹೊತ್ತಿನಲ್ಲಿ ನಿಧಾನವಾಗಿ ಮಾತಾಡಿದರು.

"ಹೊಳಬಸಪ್ಪ, ದಾಸೋಹದಾಗ ನೀಡೂಮುಂದ ಹೊಲದಾಗ ಗಳೇ ಹೊಡದು ಬಂದವನಿಗೆ ಎಷ್ಟು ರೊಟ್ಟಿ ನೀಡತಿ?"

"ನಾಕು ನೀಡತೇನ್ರಿ."

"ತೊಟ್ಟಿಲ ಕೂಸಿಗೆ?"

"ಕೂಸಿಗ್ಯಾಕ ರೊಟ್ಟಿರಿ?"

"ಕೂಸಿಗೆ ಯಾಕ ನೀಡ್ಲಿಲ್ಲ ಅಂತ ಶಿವ ಕೇಳತಾನೇನು? ಹಂಚೂದಂದ್ರ ಯಾರಿಗೆ ಏನ ಬೇಕೋ ಅದನ್ನ ಮುಟ್ಟಸೂದು. ನನಗ ಕೊಬ್ಬರಿ ಹಿಡಸ್ತೈತಿ. ಗುಳಿಗಿ ನಿನಗ ಹಿಡಸ್ತೈತಿ. ಇವತ್ತಿಂದ ಗುಳಿಗಿ ಲಿಂಗಕ್ಕ ತೋರ್ಸು, ಪೂರಾ ನೀನ ತಗೋ. ಉಳದದ್ದು ಎಲ್ಲಾರಿಗೂ ಹಂಚು. ಪಾಪ ಇದ್ರ ನನಗಿರ್ಲಿ."

ಶಾಸ್ತ್ರ ಇಷ್ಟು ಬೇಗ ಸಡಿಲವಾದದ್ದನ್ನು ಅಮಸಿದ್ದಪ್ಪನವರು ಬೆರಗಾಗಿ ನೋಡಿದರು. ಅವರ ಇಲಾಖೆಯಲ್ಲಿ ಇದಕ್ಕೆ ಹದಿನೆಂಟು ತಿಂಗಳು ಹಿಡಿಯುತ್ತಿತ್ತು. ಚರ್ಮದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅರಗಿನ ಮುದ್ರೆಗಳನ್ನು ನೋಡಿದರು. ಆಮೇಲೆ ರಾಟಿಯನ್ನು ನೋಡಿದರು. ಆಮೇಲೆ ಮುದ್ರೆ ಒಡೆದರು.

ಹೊಳಬಸಪ್ಪ ಗುಳಿಗೆಯನ್ನು ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡ. ಒಬ್ಬನೇ ತಿಂದ ನಾಚಿಕೆಗೆ ಸಂಗಯ್ಯನವರ ಮುಖ ನೋಡಲಿಲ್ಲ. ಡಾಕ್ಟರು ಗಡಿಯಾರ ತೆಗೆದಿಟ್ಟರು. ಸಿದ್ದಲಿಂಗವ್ವ ಚಾ ಮಾಡಿದಳು. ಬಾಗಿಲಲ್ಲಿದ್ದವರಿಗೂ ಚಾ ಹೋಯಿತು. ಅರ್ಧ ತಾಸಿಗೆ ಹೊಳಬಸಪ್ಪನ ಬಸಿ ಗಿಲಗಿಲ ಅನ್ನುತ್ತಿತ್ತು. ಮುಕ್ಕಾಲು ತಾಸಿಗೆ ಒಮ್ಮೊಮ್ಮೆ ಅನ್ನುತ್ತಿತ್ತು. ತಾಸು ತುಂಬುವಾಗ ಅವನು ಬಸಿಯನ್ನು ಎತ್ತಿ, ಕುಡಿದು, ಕೆಳಗಿಟ್ಟ. ಯಾರಿಗೂ ಏನೂ ಕೇಳಿಸಲಿಲ್ಲ.

ಅವನು ಮಗ್ಗಕ್ಕೆ ಹೋದ. ನೂಲಿನ ಎಳೆ, ರೇಷ್ಮೆಯ ಎಳೆ, ಕೊಂಡಿ. ಮತ್ತೊಂದು. ಮತ್ತೊಂದು. ಹತ್ತರ ಮೇಲೆ ಯಾರೂ ಎಣಿಸಲಿಲ್ಲ. ಈರಪ್ಪ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದ.

"ಕಾಕಾ, ನನ್ನ ಕೊಂಡಿ ನಾಳಿಗೆ ಆಗತಾವೇನ್ರಿ?"

"ಗುಡೂರಿನವ್ರು ಏನಂದ್ರು?"

"ಅವ್ರ ಕಡೆ ಇನ್ನೂ ಹೋಗಿಲ್ರಿ."

"ಹಂಗಾರ ಹಾಸು ತಂದಿಡು. ಮಾತ ಕಡಿಮಿ ಮಾಡು, ಎಳಿ ತಪ್ಪತಾವ."

ಅಮಸಿದ್ದಪ್ಪನವರು ವರದಿ ಬರೆಯಲು ಕೂತರು. ಬರೆಯುತ್ತ ಬರೆಯುತ್ತ ಅವರಿಗೆ ಏನೋ ಹೊಸದು ಅನಿಸಿತು, ಏನೆಂದು ತಿಳಿಯಲಿಲ್ಲ. ಬಾಗಿಲ ತುಂಬ ಮಂದಿ ನೋಡುತ್ತಿದ್ದರು, ಆದರೂ ಅಕ್ಷರಗಳು ಸಾಲಿನ ಮೇಲೆ ಶಾಲೆಯ ಮಕ್ಕಳ ಹಾಗೆ ಕೂತಿದ್ದವು. ಕೊನೆಗೆ ಸಹಿ ಹಾಕಿದರು. ಅಷ್ಟು ದುಂಡಗಿನ ಸಹಿಯನ್ನು ಅವರು ನೇಮಕಾತಿಯ ಅರ್ಜಿಯ ಮೇಲೂ ಹಾಕಿರಲಿಲ್ಲ. ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು. ಡಾಕ್ಟರು ನೋಡುತ್ತಿದ್ದರೆಂದು ಗೊತ್ತಾದ ಮೇಲೆ ಕೈಯನ್ನು ಕಿಸೆಗೆ ಹಾಕಿಕೊಂಡರು.

"ಸಾಹೇಬ್ರ, ಇದೊಂದು ಉಳದದ," ಎಂದ ಪಂಢರೀನಾಥ, ರಿಜಿಸ್ಟರನ್ನು ಮುಂದೆ ಸರಿಸಿ.

ಅಲ್ಲಿ ಅವನ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಅಮಸಿದ್ದಪ್ಪ, ಔಷಧ ಪರಿವೀಕ್ಷಕರು. ಡಾಕ್ಟರು: ಇಲ್ಲ. ಹೃದಯದ ಗುಳಿಗೆ. ಕಾಲು. ಆರನೆಯ ಕಾಲಂ ಖಾಲಿ ಇತ್ತು.

"ಯಾಕ ಅಂತ ನೀವ ಬರದಬಿಡ್ರಿ. ನಾ ಬರದ್ರ ಆಮ್ಯಾಲೆ ತಪ್ಪು ಅಂತೀರಿ."

ಅಮಸಿದ್ದಪ್ಪನವರು ಪೆನ್ನು ತೆಗೆದರು. ಆ ಖಾಲಿ ಜಾಗದ ಮೇಲೆ ಹಿಡಿದರು. ಮೇಲೆ ‘ಹಬ್ಬ’, ಅದರ ಮೇಲೆ ‘ಕೈ ನಡುಗುತ್ತದೆ’, ಅದರ ಮೇಲೆ ‘ಗುರುತು’. ಪೆನ್ನು ಅಲ್ಲಿಂದ ಎದ್ದು ಪುಟದ ತಲೆಗೆ ಹೋಯಿತು. ‘ಯಾಕೆ’ ಎಂಬ ಶಬ್ದದ ಮೇಲಿಂದ ಪುಟದ ಬುಡದವರೆಗೆ ಅವರು ಒಂದೇ ಎಳೆತಕ್ಕೆ ಗೆರೆ ಹೊಡೆದು ಕಾಲಮ್ಮನ್ನು ರದ್ದು ಮಾಡಿದರು. ಅಡಿಪಟ್ಟಿ ಚೀಲದಲ್ಲೇ ಇತ್ತು.

ಮಗ್ಗದಿಂದ ಹೊಳಬಸಪ್ಪ ತಲೆ ಎತ್ತಿ, ಆ ಗೆರೆಯನ್ನು ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡಿದ. ನೆಟ್ಟಗೆ ಇರುವುದನ್ನು ಅವನು ಸುಮ್ಮನೆ ಹೊಗಳುವವನಲ್ಲ.

"ಛಲೋ ಬಂದೈತ್ರಿ," ಎಂದ. "ಹಾಸಿನ ಎಳಿ ಇದ್ದಂಗ ಐತಿ."

ಎಂದು ತನ್ನ ಎಳೆಗಳಿಗೆ ತಿರುಗಿದ.